ಅಮ್ಮನ ಪ್ಲೇಟ್‌ಲೆಟ್ 38,000 ಅಂದ ರಿಪೋರ್ಟು

ಹೋದ ಮಳೆಗಾಲದಲ್ಲಿ ಅಮ್ಮಂಗೆ ಫುಲ್ ಬಾಡಿ ಚೆಕಪ್ ಮಾಡ್ಸಣ ಅಂತ ಹಠ ಹಿಡಿದಿದ್ದು ನಾನೇ. ಜ್ವರ ಇಲ್ಲ, ಮೈಕೈ ನೋವಿಲ್ಲ, ಅವಳ ಪಾಡಿಗೆ ಅವಳು ತೋಟ ಮನೆ ಅಂತ ಓಡಾಡ್ಕೊಂಡಿದ್ಲು, ಆದ್ರೂ 61 ಆಯ್ತಲ್ಲ ಅಂತ. ಸಾಗರದ ಮನೆಗೇ ಲ್ಯಾಬ್ ಹುಡುಗ ಬಂದು ರಕ್ತ ತಗೊಂಡು ಹೋದ. ರಾತ್ರಿ ಎಂಟೂವರೆಗೆ ಬೆಂಗಳೂರಲ್ಲಿದ್ದ ನನ್ನ ಫೋನಿಗೆ ಪಿಡಿಎಫ್ ಬಂತು, ಮೊದಲ ಪುಟದಲ್ಲೇ ಕೆಂಪಕ್ಷರ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟೋಕೆ ಬೇಕಾದ ಕಣಗಳು) 38,000.

ಇರ್ಬೇಕಾದ್ದು ಒಂದೂವರೆ ಲಕ್ಷದ ಮೇಲೆ. ಊರ ತುಂಬ ಡೆಂಗ್ಯೂ ಬೇರೆ. ಅಣ್ಣ ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿದ್ರೆ ತಕ್ಷಣ ಅಡ್ಮಿಟ್ ಮಾಡಿ, ಪ್ಲೇಟ್‌ಲೆಟ್ ಹಾಕ್ಬೇಕಾಗ್ಬಹುದು ಅಂದ್ರಂತೆ, ಅತ್ತಿಗೆ ಆ ಮಳೇಲೇ ಟಾರ್ಚ್ ಹಿಡ್ಕೊಂಡು ಹೋಗಿ ಪಪ್ಪಾಯಿ ಎಲೆ ಕಿತ್ಕೊಂಡು ಬಂದು ರಸ ತೆಗ್ದು ಕುಡ್ಸಿದ್ಲು, ನಾನು ಸಿಕ್ಕಿದ ಬಸ್ಸು ಹತ್ತಿದೆ. ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ.

ಬೆಳಗ್ಗೆ ನಮ್ಮ ಮಾಮೂಲಿ ಡಾಕ್ಟ್ರ ಹತ್ರ ಹೋದ್ವಿ. ಅವರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಅಮ್ಮನ್ನ ನೋಡಿದ್ರು. ವಸಡಲ್ಲಿ ರಕ್ತ ಬರುತ್ತಾ, ಕಾಲ ಮೇಲೆ ಕೆಂಪು ಚುಕ್ಕೆ ಇದೆಯಾ, ಸುಮ್‌ಸುಮ್ನೆ ಮೈ ನೀಲಿಗಟ್ಟುತ್ತಾ, ಎಲ್ಲ ಕೇಳಿ, "ನಿಮ್ಮನ್ನ ನೋಡಿದ್ರೆ ಈ ನಂಬರ್ ನಂಬೋಕಾಗಲ್ಲಮ್ಮ" ಅಂದು ಇನ್ನೊಂದ್ಸಲ ರಕ್ತ ತೆಗ್ಸಿದ್ರು. ಈ ಸಲ ಎರಡು ಟ್ಯೂಬು, ಒಂದು ನೇರಳೆ ಮುಚ್ಚಳದ್ದು, ಒಂದು ನೀಲಿದು. ನೇರಳೆದ್ರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಅನ್ನೋ ಕೆಮಿಕಲ್ ಇರುತ್ತೆ, ಕೆಲವೇ ಕೆಲವರ ರಕ್ತದಲ್ಲಿ ಅದು ಬಿದ್ದ ಮೇಲೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟ್ಕೊಳ್ತವೆ, ಮಿಷನ್ನು ಗಾತ್ರ ನೋಡಿ ಎಣಿಸೋದ್ರಿಂದ ಆ ಗಂಟುಗಳು ಲೆಕ್ಕಕ್ಕೇ ಬರಲ್ಲ. ಲ್ಯಾಬಿನ ಮೇಡಂ ನನಗೆ ಮೈಕ್ರೋಸ್ಕೋಪಲ್ಲಿ ತೋರಿಸಿದ್ರು, ನೆನೆಸಿಟ್ಟ ಸಬ್ಬಕ್ಕಿ ಮುದ್ದೆಯಾದ ಹಾಗೆ ಸ್ಲೈಡಿನ ಅಂಚಲ್ಲಿ ಗುಂಪುಗುಂಪಾಗಿ ಕೂತಿದ್ವು. ನೀಲಿ ಟ್ಯೂಬಲ್ಲಿ ಇರೋದು ಸಿಟ್ರೇಟ್, ಅದೂ ರಕ್ತ ಹೆಪ್ಪುಗಟ್ಟದ ಹಾಗೆ ಹಾಕೋ ಕೆಮಿಕಲ್ಲೇ, ಆದ್ರೆ ಅದ್ರಲ್ಲಿ ಅಮ್ಮನ ಪ್ಲೇಟ್‌ಲೆಟ್ ಅಂಟ್ಕೊಂಡಿರ್ಲಿಲ್ಲ. ಅದ್ರ ದ್ರವಕ್ಕೆ ರಕ್ತ ತೆಳುವಾಗುತ್ತೆ ಅಂತ ಶೇಕಡಾ 10 ಸೇರಿಸಿ ಲೆಕ್ಕ ಹಾಕಿದ್ರು. 2,04,000!

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಆ ಸ್ಲೈಡನ್ನ ಮೊದಲ ಲ್ಯಾಬಲ್ಲಿ ಯಾರಾದ್ರೂ ಒಂದ್ನಿಮಿಷ ನೋಡಿದ್ರೆ ಆ ರಾತ್ರಿ ನಮಗೆ ಬರ್ತಿರ್ಲಿಲ್ಲ.

ಆದ್ರೆ ಚೆಕಪ್ಪೇ ಬೇಡಿತ್ತು ಅಂತ ನಾನು ಹೇಳಲ್ಲ, ಯಾಕಂದ್ರೆ ಡಾಕ್ಟ್ರು ಆಮೇಲೆ ಅದೇ ರಿಪೋರ್ಟಿನ ನಾಲ್ಕನೇ ಪುಟ ತೆಗೆದು "ಇದನ್ನ ಯಾರೂ ನೋಡಿಲ್ವಾ?" ಅಂದ್ರು. ಖಾಲಿ ಹೊಟ್ಟೆ ಶುಗರ್ 158, ಎಚ್‌ಬಿಎ1ಸಿ 8.2. ಎರಡನೇದು ಹಿಂದಿನ ಎರಡು ಮೂರು ತಿಂಗಳ ಸರಾಸರಿ, 6.5 ಮುಟ್ಟಿದ್ರೇ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಒಂದೇ ನಂಬರ್ ಆಗಿದ್ರೆ ಇನ್ನೊಂದ್ಸಲ ನೋಡ್ತಿದ್ದೆ, ಎರಡೂ ಒಂದೇ ಮಾತು ಹೇಳ್ತಿವೆ ಅಂದ್ರು. ರಾತ್ರಿ ಎಷ್ಟು ಸಲ ಏಳ್ತೀರಮ್ಮಾ ಅಂತ ಕೇಳಿದ್ರೆ ಅಮ್ಮ ಮೂರು ಸಲ ಅಂದ್ಲು. ವಯಸ್ಸಾಯ್ತಲ್ಲ ಅಂತ ಯಾರಿಗೂ ಹೇಳಿರ್ಲಿಲ್ಲ.

ಅಮ್ಮನ ಫೈಲಿನ ಮೊದಲ ಹಾಳೇಲಿ ಡಾಕ್ಟ್ರು "ಇಡಿಟಿಎಯಲ್ಲಿ ಪ್ಲೇಟ್‌ಲೆಟ್ ಗಂಟಾಗುತ್ತೆ, ಸಿಟ್ರೇಟಲ್ಲಿ ನೋಡಿ" ಅಂತ ದೊಡ್ಡದಾಗಿ ಬರೆದುಕೊಟ್ಟಿದ್ದಾರೆ. ಅದ್ರ ಜೆರಾಕ್ಸ್ ಅಮ್ಮನ ಪರ್ಸಲ್ಲಿ ಆಧಾರ್ ಕಾರ್ಡ್ ಜೊತೆಗಿರುತ್ತೆ. ಹೋದ ತಿಂಗಳು ಮತ್ತೆ ರಕ್ತ ಕೊಡೋಕೆ ಕೂತಾಗ ಸೂಜಿ ಚುಚ್ಚೋ ಮೊದಲೇ ಅದನ್ನ ತೆಗೆದು ತೋರಿಸಿದ್ಲು. ಎಚ್‌ಬಿಎ1ಸಿ 6.9ಕ್ಕೆ ಇಳಿದಿದೆ.