ಮನೆಕೂಟದಲ್ಲಿ ಜನ ಮನಸ್ಸು ಬಿಚ್ಚಿ ಮಾತಾಡಬೇಕಾದರೆ ಏನು ಮಾಡಬೇಕು?

"ನಮ್ಮ ಕೂಟಕ್ಕೆ ಎಲ್ಲರೂ ಬರ್ತಾರೆ, ಹಾಡ್ತಾರೆ, ಚಾ ಕುಡಿದು ಹೋಗ್ತಾರೆ. ಆದ್ರೆ ಒಬ್ಬರೂ ಮನಸ್ಸು ಬಿಚ್ಚಿ ಮಾತಾಡಲ್ಲ. ನಿಮ್ಮಲ್ಲಿ ಮಾತಾಡ್ತಾರಂತಲ್ಲ, ಅದು ಹೇಗೆ ಸಿಸ್ಟರ್?"

ಶಿರಸಿ, ದಾಂಡೇಲಿ, ಹೊನ್ನಾವರ ಕಡೆಯ ಸಭೆಯವರು ಸಿಕ್ಕಾಗಲೆಲ್ಲ ಇದೇ ಪ್ರಶ್ನೆ. ಕಾರವಾರದಲ್ಲಿ ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರುವ ಒಂದು ಚಿಕ್ಕ ಪ್ರಾರ್ಥನಾ ಕೂಟವನ್ನು ನಾನು ನೋಡಿಕೊಳ್ಳುತ್ತೇನೆ. ಸತ್ಯವೇದ, ಅಂದರೆ ಬೈಬಲ್, ಓದುತ್ತೇವೆ. ಓದಿದ್ದು ನಮಗೆಲ್ಲಿ ತಾಗಿತು ಅಂತ ಹೇಳಿಕೊಳ್ಳುತ್ತೇವೆ. ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುತ್ತೇವೆ. ಅಷ್ಟೇ.

ಕೇಳುವವರು ಒಳ್ಳೆಯ ಪಾಠದ ಪುಸ್ತಕದ ಹೆಸರು ಹೇಳಿ ಅಂತಾರೆ, ಇಲ್ಲವೇ ಗಿಟಾರ್ ಬಾರಿಸುವ ಹುಡುಗರು ಇದ್ದಾರಾ ಅಂತ ವಿಚಾರಿಸುತ್ತಾರೆ. ನಾನು ಹೇಳುವುದು ಬೇರೆ. ಕೂಟದಲ್ಲಿ ಆಡಿದ ಮಾತಿಗೆ ಆಮೇಲೆ ಏನಾಗುತ್ತದೆ, ಅದನ್ನು ನೋಡಿಕೊಳ್ಳಿ. ಜನ ಅದನ್ನೇ ಗಮನಿಸುತ್ತಿರುತ್ತಾರೆ. ಪಾಠ ಎಷ್ಟೇ ಚೆನ್ನಾಗಿರಲಿ, ಹೋದ ವಾರ ತಾನು ಹೇಳಿದ್ದು ಈ ವಾರ ಬೇರೆಯವರ ಬಾಯಲ್ಲಿ ಕೇಳಿಸಿದರೆ ಆ ಮನುಷ್ಯ ಮತ್ತೆ ಹೇಳುವುದು ಹವಾಮಾನದ ವಿಷಯ ಮಾತ್ರ.

ಕಾರವಾರ ದೊಡ್ಡ ಊರಲ್ಲ. ಕೋಡಿಬಾಗದಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದೊಳಗೆ ಮೀನು ಮಾರ್ಕೆಟ್ ಮುಟ್ಟಿರುತ್ತದೆ. ಕ್ರೈಸ್ತರೊಳಗಂತೂ ಒಬ್ಬರಿಗೊಬ್ಬರು ಗೊತ್ತಿಲ್ಲದವರು ಕಮ್ಮಿ. ಒಂದೇ ಶಾಲೆ, ಒಂದೇ ಆಫೀಸು, ಎಲ್ಲೋ ಒಂದು ಕಡೆ ನೆಂಟಸ್ತಿಕೆ. ಇಂಥ ಊರಲ್ಲಿ ಪ್ರಾರ್ಥನೆಯ ಹೆಸರಲ್ಲಿ ಸುದ್ದಿ ಹರಡುವುದು ತುಂಬ ಸುಲಭ. "ಪಾಪ, ಅವರ ಮಗನಿಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ. ನಿಮಗೆ ಮಾತ್ರ ಹೇಳ್ತಾ ಇದ್ದೇನೆ." ಹೇಳುವವರ ಮನಸ್ಸು ಕೆಟ್ಟದ್ದೇನಲ್ಲ, ನಿಜವಾಗಿಯೂ ಮರುಕವೇ ಇರುತ್ತದೆ. ಆದರೆ ಆ ಹುಡುಗನ ತಾಯಿಗೆ ಊರು ತನ್ನನ್ನು ನೋಡುವ ರೀತಿಯೇ ಬದಲಾಗಿರುತ್ತದೆ. ಆಕೆ ಜಗಳ ಮಾಡುವುದಿಲ್ಲ, ಸುಮ್ನೆ ಬರುವುದನ್ನು ಬಿಡುತ್ತಾಳೆ. ಕೇಳಿದರೆ "ಮೊಣಕಾಲು ನೋವು" ಅಂತಾಳೆ.

ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ನಿಮ್ಮ ವಿಷಯ ನೀವೇ ಹೇಳಿ. ಅಲ್ಲಿ ಇಲ್ಲದವರ ವಿಷಯ ಎತ್ತುವುದಾದರೆ ಮೊದಲು ಅವರನ್ನೇ ಕೇಳಿಕೊಂಡು ಬನ್ನಿ. ಕೇಳಲು ಆಗಲಿಲ್ಲವಾ, ಹೆಸರು ಮಾತ್ರ ಹೇಳಿ, ದೇವರಿಗೆ ಉಳಿದದ್ದು ಗೊತ್ತಿದೆ. ಕೂಟದಲ್ಲಿ ಕೇಳಿದ್ದನ್ನು ಮನೆಗೆ ಹೋಗಿ ಗಂಡನಿಗೋ ಹೆಂಡತಿಗೋ ಹೇಳುವ ಹಾಗಿಲ್ಲ. ಪಾಸ್ಟರ್ ಅಯ್ಯನವರಿಗೂ ಇಲ್ಲ. "ಅಯ್ಯನವರಿಗೂ ಹೇಳಬಾರದಾ?" ಅಂತ ಹೊಸಬರು ಹುಬ್ಬೇರಿಸುತ್ತಾರೆ. ಹೌದು, ಬೇಕಿದ್ದರೆ ಆ ವ್ಯಕ್ತಿಯೇ ಹೋಗಿ ಹೇಳಲಿ, ಜೊತೆಗೆ ಬನ್ನಿ ಅಂದರೆ ಹೋಗೋಣ. ವಾಟ್ಸಾಪ್ ಗ್ರೂಪಿನಲ್ಲಿ ಯಾರ ಮನೆ, ಎಷ್ಟು ಗಂಟೆ, ಯಾವ ಅಧ್ಯಾಯ, ಇಷ್ಟೇ. ಪ್ರಾರ್ಥನೆಯ ವಿಷಯ ಅಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಫೋನ್ ಒಬ್ಬರ ಕೈಯಲ್ಲೇ ಇರುವುದಿಲ್ಲ, ಅಲ್ವಾ?

ಈ ಗುಟ್ಟಿಗೂ ಒಂದು ಮಿತಿ ಇದೆ. ಅದನ್ನು ಮೊದಲ ದಿನವೇ ಎಲ್ಲರ ಮುಂದೆ ಹೇಳಬೇಕು. ಮಗುವಿಗೆ ಲೈಂಗಿಕ ಹಿಂಸೆ ಆಗಿದೆ ಅಂತ ಗೊತ್ತಾದರೆ ಅದನ್ನು ಬಚ್ಚಿಡುವ ಹಕ್ಕು ಯಾವ ಕೂಟಕ್ಕೂ ಇಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ 181 ಇದೆ, ತುರ್ತಾಗಿದ್ದರೆ 112. ಸಾಯಬೇಕು ಅನ್ನಿಸುತ್ತಿದೆ ಅಂತ ಯಾರಾದರೂ ಹೇಳಿದರೆ ಅವರನ್ನು ಆ ರಾತ್ರಿ ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರ ಜೊತೆ ಕೂತು ಫೋನ್ ಮಾಡಿಸಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಬೇಕಾದರೆ ಬಸ್ಸಿನಲ್ಲಿ ಜೊತೆಗೆ ಹೋಗಿ. ಪ್ರಾರ್ಥನೆಯನ್ನೂ ಮಾಡಿ. ಹೊಡೆತ ತಿಂದು ಬಂದವಳಿಗೆ "ಹೊಂದಿಕೊಂಡು ಹೋಗಮ್ಮ" ಅನ್ನುವುದು ಮಾತ್ರ ನಮ್ಮ ಕೂಟದಲ್ಲಿ ಇಲ್ಲ. ಅದರಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ.

ಹೊರಗೆ ಹೋಗುವ ಮಾತು ಒಂದಾಯಿತು. ಅಲ್ಲೇ ಎದುರಿಗೆ ಆಡುವ ಮಾತು ಇನ್ನೊಂದು. ನಮ್ಮವರಿಗೆ ಸಲಹೆ ಕೊಡುವುದು ಜಾಸ್ತಿ. ಯಾರಾದರೂ ಕಷ್ಟ ಅಂದ ಕೂಡಲೇ ಒಬ್ಬರು ಸತ್ಯವೇದದ ವಚನ ತೆಗೆಯುತ್ತಾರೆ, ಇನ್ನೊಬ್ಬರು ದೇವರು ತಮಗೆ ಹೇಗೆ ಸಹಾಯ ಮಾಡಿದ ಅನ್ನುವ ಸಾಕ್ಷಿ ಶುರು ಮಾಡುತ್ತಾರೆ, ಮತ್ತೊಬ್ಬರು ಡಾಕ್ಟರ ಹೆಸರು ಹೇಳುತ್ತಾರೆ. ಒಂದು ಮಳೆಗಾಲದ ಸಂಜೆ ಬಿಣಗಾದ ಒಂದು ಮನೆಯಲ್ಲಿ ಕೂತಿದ್ದೆವು. ಹೊರಗೆ ಮಳೆ ಎಷ್ಟಿತ್ತೆಂದರೆ ಹಾಡು ಕೇಳಿಸುತ್ತಿರಲಿಲ್ಲ. ಯಾವತ್ತೂ ಮಾತಾಡದ ಒಬ್ಬ ಹುಡುಗ ನೆಲ ನೋಡಿಕೊಂಡು ಹೇಳಿದ: "ನನಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ. ದೇವರು ಕೇಳ್ತಾನೆ ಅಂತ ಅನ್ನಿಸೋದೇ ಇಲ್ಲ." ಇಬ್ಬರು ಸತ್ಯವೇದ ತೆರೆಯಲು ಕೈ ಹಾಕಿದರು. ಅಷ್ಟರಲ್ಲಿ ಮನೆಯ ಅಜ್ಜಿ, "ನಮ್ಮ ಯಜಮಾನರು ಹೋದಾಗ ನನಗೂ ಹಾಗೇ ಆಗಿತ್ತು ಮಗಾ. ತುಂಬ ದಿನ" ಅಂದರು. ಅವಲಕ್ಕಿ ತಟ್ಟೆಯನ್ನು ಅವನ ಕಡೆ ಸರಿಸಿದರು. ಮತ್ತೇನೂ ಹೇಳಲಿಲ್ಲ. ಆ ಹುಡುಗ ಮುಂದಿನ ವಾರವೂ ಬಂದ. ಅವತ್ತು ನಾವು 88ನೇ ಕೀರ್ತನೆ ಓದಿದೆವು. ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ, ಇದು ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಹಾಗಿದ್ದೂ ಅದು ಸತ್ಯವೇದದ ಒಳಗೇ ಇದೆ. ಇದನ್ನು ಓದಿದ ಮೇಲೆ ಇನ್ನೂ ಇಬ್ಬರು ಬಾಯಿ ಬಿಟ್ಟರು.

ಮೊದಲು ನಿಜ ಹೇಳಿದವರಿಗೆ ಏನು ಸಿಗುತ್ತದೋ ಅದನ್ನು ನೋಡಿ ಉಳಿದವರು ತೀರ್ಮಾನ ಮಾಡುತ್ತಾರೆ. ಕ್ಯಾಥೊಲಿಕರ ಕಿರು ಸಮುದಾಯಗಳಲ್ಲಿ ಏಳು ಹೆಜ್ಜೆಯ ಒಂದು ಕ್ರಮ ಬಳಸುತ್ತಾರೆ, ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಿಂದ ಬಂದದ್ದು. ಅದರಲ್ಲಿ ವಾಕ್ಯ ಓದಿದ ಮೇಲೆ ಮೌನಕ್ಕೆ ಒಂದು ಹೆಜ್ಜೆಯೇ ಇದೆ. ಆಮೇಲೆ ಅನಿಸಿದ್ದನ್ನು ಹೇಳಿಕೊಳ್ಳುತ್ತಾರೆ, ಅದರ ಮೇಲೆ ಚರ್ಚೆ ಇಲ್ಲ. ನಾವು ಪ್ರಾಟೆಸ್ಟೆಂಟರು ಅದನ್ನು ಕಲಿಯಲು ನಾಚಿಕೊಳ್ಳಬೇಕಿಲ್ಲ. ನಮ್ಮಲ್ಲೂ ಈಗ ಯಾರಾದರೂ ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ. "ನಿಮಗೆ ಏನಾದರೂ ಸಲಹೆ ಬೇಕಾ, ಇಲ್ಲಾ ಪ್ರಾರ್ಥನೆ ಸಾಕಾ?" ಅಂತ ಕೇಳುತ್ತೇವೆ. ಹೆಚ್ಚಿನವರು ಪ್ರಾರ್ಥನೆ ಸಾಕು ಅಂತಾರೆ.

ಇನ್ನು ಭಾಷೆ. ಇದು ಕಾರವಾರದ ಕೂಟಗಳ ಖಾಸಾ ತೊಂದರೆ. ಮನೆಯಲ್ಲಿ ಕೊಂಕಣಿ, ಸತ್ಯವೇದ ಕನ್ನಡ, ಸೀಬರ್ಡ್‌ ನೌಕಾನೆಲೆಯ ಕುಟುಂಬಗಳ ಜೊತೆ ಹಿಂದಿ, ಕೈಗಾ ಅಣುಸ್ಥಾವರದಿಂದ ಬಂದವರಲ್ಲಿ ತಮಿಳು, ತೆಲುಗು, ಮಲಯಾಳಂ. ನಮ್ಮ ನಮ್ಮಲ್ಲೇ ಕೊಂಕಣಿಯಲ್ಲಿ ನಕ್ಕರೆ ಪಕ್ಕದಲ್ಲಿ ಕೂತ ನೌಕಾಪಡೆಯವನ ಹೆಂಡತಿ ನಗುವುದೋ ಬಿಡುವುದೋ ಗೊತ್ತಾಗದೆ ಕೂರುತ್ತಾಳೆ. ಸತ್ಯವೇದದಲ್ಲಿ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಆದಿಸಭೆಗೂ ಇದೇ ತೊಂದರೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ದೂರು ಬಂತು. ಆಗ ಏಳು ಜನರನ್ನು ಆರಿಸಿದರು. ಏಳೂ ಹೆಸರು ಗ್ರೀಕ್. ಅಂದರೆ ದೂರಿದವರ ಕಡೆಯವರ ಕೈಗೇ ಬಡಿಸುವ ಕೆಲಸ ಹೋಯಿತು ಅಂತ ನನ್ನ ತಿಳುವಳಿಕೆ. ನಾವೂ ಹಾಗೇ ಮಾಡಿದ್ದೇವೆ. ಯಾರ ಮನೆ, ಯಾರು ಓದುವುದು ಅನ್ನುವ ಪಟ್ಟಿ ಈಗ ಹಿಂದಿ ಮಾತಾಡುವ ಒಬ್ಬ ತಂಗಿಯ ಕೈಯಲ್ಲಿದೆ. ವಾಕ್ಯ ಎರಡು ಭಾಷೆಯಲ್ಲಿ ಓದುತ್ತೇವೆ. ಪ್ರಾರ್ಥನೆ ಮಾತ್ರ ಅವರವರ ಭಾಷೆಯಲ್ಲೇ, ಅರ್ಥವಾಗದಿದ್ದರೂ ಆಮೆನ್ ಎಲ್ಲರದೂ.

ತಿಂಡಿ ವಿಷಯ ಚಿಕ್ಕದು. ಚಾ, ಬಿಸ್ಕತ್ತು, ಬೇಕಿದ್ದರೆ ಅವಲಕ್ಕಿ. ಅದಕ್ಕಿಂತ ಜಾಸ್ತಿ ಯಾರೂ ಮಾಡಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ಬಂದರಿನ ದುಡಿಮೆ ನಂಬಿದ ಮನೆಯಲ್ಲಿ ದುಡ್ಡು ಓಡುವುದಿಲ್ಲ. ಹೋದ ವಾರ ಒಬ್ಬರ ಮನೆಯಲ್ಲಿ ಕೇಕು, ಕಟ್ಲೆಟ್ ಇದ್ದರೆ ಈ ವಾರ ಅಂಥ ಬಂದರಿನ ಮನೆಯವರು ತಮ್ಮ ಮನೆಗೆ ಕರೆಯಲು ಹಿಂಜರಿಯುತ್ತಾರೆ. ಕೈಗಡ, ಚೀಟಿ, ಇನ್ಶೂರೆನ್ಸ್ ಪಾಲಿಸಿ, ಇವನ್ನೂ ಕೂಟದೊಳಗೆ ತರುವುದಿಲ್ಲ. ಕಷ್ಟದಲ್ಲಿದ್ದವರಿಗೆ ಕೊಡುವುದಿದ್ದರೆ ಕೊಟ್ಟುಬಿಡಿ, ಸಾಲ ಅಂತ ಕೊಡಬೇಡಿ.

ನಾಯಕರು ಏನು ಮಾಡಬೇಕು ಅಂತ ಕೇಳುತ್ತಾರೆ. ಕಮ್ಮಿ ಮಾತಾಡಬೇಕು, ಜಾಸ್ತಿ ತಿರುಗಬೇಕು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯವರ ಜನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಹನ್ನೆರಡು ಜನಕ್ಕೊಬ್ಬರಂತೆ ನೇಮಿಸಿ, ವಾರಕ್ಕೊಂದು ಪೆನ್ನಿ ಕೂಡಿಸಲು ಮನೆಮನೆಗೆ ಕಳಿಸಿದರು. ಹೋದವರಿಗೆ ದುಡ್ಡಿನ ಜೊತೆ ಮನೆಯ ಒಳಗಿನ ಸ್ಥಿತಿಯೂ ಕಾಣಿಸಿತು. ಮೆಥಡಿಸ್ಟರ ಚಿಕ್ಕ ಕೂಟಗಳು ಬೆಳೆದದ್ದು ಆ ತಿರುಗಾಟದಿಂದ. ಕೂಟದಲ್ಲಿ ಹತ್ತು ಜನರ ಮುಂದೆ ಹೇಳಲಾಗದ್ದನ್ನು ಜನ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳುತ್ತಾರೆ.

ಇಷ್ಟೆಲ್ಲ ಇದ್ದೂ ಮಾತು ಹೊರಗೆ ಹೋಗುವುದು ಉಂಟು. ಹೋದಾಗ ಕೂಟದಲ್ಲಿ ಎಲ್ಲರಿಗೂ ಸೇರಿಸಿ ಬುದ್ಧಿವಾದ ಹೇಳುವುದು ಬೇಡ. ತಪ್ಪು ಮಾಡದವರು ಹೆದರುತ್ತಾರೆ, ಮಾಡಿದವರಿಗೆ ತಾಗುವುದಿಲ್ಲ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ದಾರಿ ಇದೆಯಲ್ಲ, ಮೊದಲು ಅವರ ಹತ್ತಿರ ಒಬ್ಬರೇ ಹೋಗುವುದು. ಹಾಗೆ ಹೋಗಿ, ನೇರವಾಗಿ ಕೇಳಿ. ಆಮೇಲೆ ಅವರೇ ಹೋಗಿ ನೊಂದವರ ಕ್ಷಮೆ ಕೇಳುವ ಹಾಗೆ ಮಾಡಿ. ಎರಡನೇ ಸಲ, ಮೂರನೇ ಸಲ ಆದರೆ ಪ್ರಾರ್ಥನೆಯ ವಿಷಯ ಹೇಳಿಕೊಳ್ಳುವ ಹೊತ್ತಿಗೆ ಅವರು ಇರದ ಹಾಗೆ ನೋಡಿಕೊಳ್ಳಬೇಕಾಗುತ್ತದೆ. ಅದು ಕಷ್ಟದ ಕೆಲಸ, ಆದರೂ ಮಾಡಬೇಕು.

ನಮ್ಮಲ್ಲಿ ವರ್ಗಾವಣೆ ಜಾಸ್ತಿ. ನೌಕಾಪಡೆಯವರು ಹೋಗುತ್ತಾರೆ, ಬ್ಯಾಂಕಿನವರು ಹೋಗುತ್ತಾರೆ, ಹೊಸಬರು ಬರುತ್ತಾರೆ. ಹೊಸ ಮನೆಯವರು ಬಂದಾಗ ಕಟ್ಟುಪಾಡನ್ನು ನಾನು ಹೇಳುವುದಿಲ್ಲ. ಅವರಿಗಿಂತ ಸ್ವಲ್ಪ ಮೊದಲು ಸೇರಿದವರು ಒಂದು ದಿನ ಅವರ ಮನೆಗೆ ಹೋಗಿ, ಚಾ ಕುಡಿಯುತ್ತಾ ಹೇಳುತ್ತಾರೆ. "ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲ, ನಾನು ನೋಡಿದ್ದೇನೆ" ಅನ್ನುವ ಮಾತು ಅವರಿಂದಲೇ ಬರಬೇಕು.