ತಾಮ್ರದ ತಗಡಿನಲ್ಲಿ ಟೈರ್ ಪಟ್ಟಣ: ಆರನೇ ವಾರ

ಕುದುರೆ ತಲೆ ಮತ್ತೆ ಹರಿಯಿತು. ಇದು ಮೂರನೇ ಸಲ.

ಏನು ಮಾಡ್ತಿದ್ದೀನಿ ಅಂತ ಮೊದಲು ಹೇಳಿಬಿಡುತ್ತೇನೆ. ಈಗಿನ ಇರಾಕಿನ ಕಡೆ ಇದ್ದ ಹಳೇ ಸಾಮ್ರಾಜ್ಯ ಅಸಿರಿಯಾದ ದೊರೆ ಮೂರನೇ ಶಾಲ್ಮನೇಸರ್ (ಕ್ರಿ.ಪೂ. 858–824) ತನ್ನ ಮರದ ಬಾಗಿಲುಗಳಿಗೆ ಚಿತ್ರ ಉಬ್ಬಿಸಿದ ಕಂಚಿನ ಪಟ್ಟಿಗಳನ್ನು ಹೊಡೆಸಿದ್ದ. ಇರಾಕಿನ ಬಾಲವತ್‌ನಲ್ಲಿ 1878ರಲ್ಲಿ ಹೊರ್ಮುಜ್ದ್ ರಸ್ಸಾಮ್ ಅವನ್ನು ಅಗೆದು ತೆಗೆದರು. ಮರ ಮಣ್ಣಾಗಿತ್ತು, ಕಂಚು ಉಳಿದಿತ್ತು. ಅದರಲ್ಲಿ ಟೈರ್, ಸಿಡೋನ್ ಊರಿನವರು ಕಪ್ಪ ತರುವ ಪಟ್ಟಿಯನ್ನು ನಾನು ಅರ್ಧ ಅಳತೆಯಲ್ಲಿ ತಾಮ್ರದ ಮೇಲೆ ಮಾಡುತ್ತಿದ್ದೇನೆ. ಮೂಲ ಸುಮಾರು 27 ಸೆಂ.ಮೀ. ಎತ್ತರ, ನನ್ನದು 13.5. ಟೈರ್ ಅಂದಾಗ ಮನೆಯಲ್ಲಿ "ಯಾವ ಗಾಡಿದು?" ಅಂತ ಕೇಳಿದರು. ಲೆಬನಾನಿನ ಕರಾವಳಿಯ ಊರು, ಆಗ ಅದು ದ್ವೀಪ.

ದ್ವೀಪ ಅನ್ನೋದೇ ಈ ಚಿತ್ರದ ಜೀವ. ಸಾಮಾನೆಲ್ಲ ದೋಣಿಯಲ್ಲಿ ಬರಬೇಕು. ದೋಣಿಯ ತುದಿಯಲ್ಲಿ ಕುದುರೆ ತಲೆ. ದಡದಲ್ಲಿ ಆಳುಗಳು ಹಗ್ಗ ಹಿಡಿದು ಎಳೆಯುತ್ತಾರೆ. ಆಮೇಲೆ ಹೆಗಲ ಮೇಲೆ ಮೂಟೆ, ಕೈಯಲ್ಲಿ ಹರಿವಾಣ ಹೊತ್ತ ಸಾಲು ದೊರೆಯ ಕಡೆಗೆ ಹೋಗುತ್ತದೆ. ಹಗ್ಗ ಸುಲಭವಾಗಿ ಬಂತು, ಒಂದೇ ಗೆರೆ. ಅಲೆಗಳೂ ಪರವಾಗಿಲ್ಲ. ಕುದುರೆಯ ಮೂತಿ ಮಾತ್ರ ಕಡಲೆಕಾಳಿನಷ್ಟು. ಅಷ್ಟು ಚಿಕ್ಕ ಜಾಗದಲ್ಲಿ ಹಿಂದಿನಿಂದ ಒತ್ತಿದಾಗ ತಗಡು ತೆಳುವಾಗಿ ಕಿವಿಯ ಹತ್ತಿರ ಸೀಳುತ್ತದೆ.

ದೇವರಿಗೆ ಬೆಳ್ಳಿ ಕವಚ ಮಾಡುವ ಒಬ್ಬರಿಗೆ ಹರಿದ ತುಂಡು ತೋರಿಸಿದೆ. ಬೆರಳಲ್ಲಿ ಬಗ್ಗಿಸಿ ನೋಡಿ, "ಎರಡು ಸಲ ಬಡಿದರೆ ಒಂದು ಸಲ ಕಾಯಿಸಬೇಕು ಸಾರ್, ಇದು ಗಟ್ಟಿಯಾಗಿ ಹೋಗಿದೆ" ಅಂದರು. ತಪ್ಪು ನನ್ನದೇ. ಕಾಯಿಸಿದರೆ ಕಪ್ಪಾಗುತ್ತೆ ಅಂತ ಸುಮ್ನೆ ಹೆದರಿದ್ದೆ. ಅವರು ಅರಗಿನ ಮೇಲೆ ಇಟ್ಟು ಬಡಿಯುತ್ತಾರೆ, ನಾನು ಹಳೇ ರಬ್ಬರ್ ಶೀಟ್ ಮೇಲೆ. ಈಗ ಕೆಂಪಗೆ ಕಾಯಿಸಿ ನೀರಿಗೆ ಹಾಕುತ್ತಿದ್ದೇನೆ. ತಗಡು ಮೆತ್ತಗಾಗಿದೆ. ನಾಲ್ಕನೇ ಕುದುರೆ ಸದ್ಯಕ್ಕೆ ಬದುಕಿದೆ.

ಆದರೆ ಆರು ವಾರ ಇದೇ ಸಾಲನ್ನು ನೋಡಿ ನೋಡಿ ಒಂದು ಬೇಜಾರು ಶುರುವಾಯಿತು. ಎಲ್ಲರೂ ತಲೆ ತಗ್ಗಿಸಿ ತಂದು ಕೊಡುತ್ತಿದ್ದಾರೆ, ಅಷ್ಟೇ. ಬಾಗಿಲು ದೊರೆಯದು, ಅವನಿಗೆ ಬೇಕಾದ್ದನ್ನೇ ಬಿಡಿಸಿದ್ದಾರೆ. ಅದಕ್ಕೇ ಅಸಿರಿಯಾದವರು ಬಿಡಿಸದ ಚಿತ್ರವೊಂದನ್ನು ಎರಡನೇ ಪಟ್ಟಿಯಾಗಿ ಮಾಡೋಣ ಅಂದುಕೊಂಡೆ.

ಅದಕ್ಕೆ ಸರಕು ಇರಾಕಿನ ನಿಮ್ರೂದ್‌ನಲ್ಲಿ, ಅಂದರೆ ಅಸಿರಿಯಾದ ಹಳೇ ರಾಜಧಾನಿಯಲ್ಲಿ, 1952ರಲ್ಲಿ ಸಿಕ್ಕ ಮಣ್ಣಿನ ಹಲಗೆ ಪತ್ರಗಳಲ್ಲಿದೆ. ಶಾಲ್ಮನೇಸರ್ ಆದಮೇಲೆ ಬಂದ ಅಸಿರಿಯಾದ ದೊರೆ ಮೂರನೇ ತಿಗ್ಲತ್‌ಪಿಲೇಸರ್ (ಕ್ರಿ.ಪೂ. 745–727) ಕಾಲದ ಅಧಿಕಾರಿ ಕುರ್ದಿ ಅಶ್ಶೂರ್ ಲಾಮುರ್ ದೊರೆಗೆ ವರದಿ ಕಳಿಸುತ್ತಾನೆ. ಅದರ ಸಾರ: "ಟೈರಿನವರಿಗೆ ಬಂದರುಗಳು ತೆರೆದಿವೆ, ಕೊಳ್ಳುತ್ತಾರೆ, ಮಾರುತ್ತಾರೆ. ಲೆಬನಾನ್ ಬೆಟ್ಟದಿಂದ ಮರ ಇಳಿಸಿದವರಿಂದ ನಾನು ಸುಂಕ ಎತ್ತುತ್ತೇನೆ. ಸಿಡೋನಿಗೂ ಒಬ್ಬ ಸುಂಕದವನನ್ನು ನೇಮಿಸಿದೆ, ಅಲ್ಲಿಯವರು ಅವನನ್ನು ಓಡಿಸಿಬಿಟ್ಟರು!"

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳೋಕೆ ಅವರು ಹೋಗಲೇ ಇಲ್ಲ ನೋಡಿ. ಕೊನೆಗೆ ಬೆಟ್ಟಕ್ಕೆ ಅಸಿರಿಯಾದ ಸೈನಿಕರು ಬಂದರು, ಸುಂಕದವನೂ ವಾಪಸ್ ಬಂದ. ಆಮೇಲಿನ ಷರತ್ತು ಇನ್ನೂ ಚೆನ್ನಾಗಿದೆ: ಮರ ಕಡಿಯಿರಿ, ಕೆಲಸ ಮಾಡಿಕೊಳ್ಳಿ, ಈಜಿಪ್ಟಿನವರಿಗೂ ದಕ್ಷಿಣದ ಕರಾವಳಿಯ ಫಿಲಿಷ್ಟಿಯರಿಗೂ ಮಾತ್ರ ಮಾರಬೇಡಿ. ವ್ಯಾಪಾರ ನಿಂತರೆ ಸುಂಕ ಎಲ್ಲಿಂದ ಬರಬೇಕು, ಅಲ್ವಾ?

ಮೂರನೇ ಪಟ್ಟಿಯೂ ತಲೆಯಲ್ಲಿದೆ. ಮುಂದೆ ಬಂದ ಅಸಿರಿಯಾದ ದೊರೆ ಎಸರ್ಹದ್ದೋನ್ ಟೈರಿನ ದೊರೆ ಬಾಲ್ ಜೊತೆ ಮಾಡಿದ ಒಪ್ಪಂದದ ಪ್ರಕಾರ, ತನಗೇ ಬಂದ ಪತ್ರವನ್ನೂ ಬಾಲ್ ಒಬ್ಬನೇ ಒಡೆಯುವಂತಿಲ್ಲ. ಅಸಿರಿಯಾದ ಅಧಿಕಾರಿ ಪಕ್ಕದಲ್ಲಿರಬೇಕು. ಅವನಿಲ್ಲದಿದ್ದರೆ ಕಾಯಬೇಕು. ಮುಂದೆ ಪತ್ರ ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತಾ ಕೂತ ರಾಜ. ಇದನ್ನು ಬಿಡಿಸದೆ ಹೇಗಿರಲಿ?

ಈ ವಾರ ಎರಡನೇ ಪಟ್ಟಿಯ ಪೆನ್ಸಿಲ್ ಗೆರೆ ಮುಗಿಯಿತು. ಎಡಗಡೆ ಬೆಟ್ಟ, ನಡುವೆ ದಿಮ್ಮಿ ಎಳೆಯುವವರು, ಬಲಗಡೆ ಓಡುತ್ತಿರುವ ಸುಂಕದವನು. ಅವನ ಒಂದು ಚಪ್ಪಲಿಯನ್ನು ಹಿಂದೆ ಬಿಟ್ಟಿದ್ದೇನೆ. ಅದು ಪತ್ರದಲ್ಲಿಲ್ಲ, ನನ್ನದೇ ಸೇರಿಕೆ. ತಗಡು ಕತ್ತರಿಸಿ ಆಗಿದೆ, ಭಾನುವಾರ ಕಾಯಿಸುತ್ತೇನೆ.