ಒಪ್ಪಿ ನಿಂತ ನಲವತ್ತೆರಡು ಮೂಟೆ

ಜೂನ್ ಮೂರನೇ ವಾರ. ವಿರಾಜಪೇಟೆಯಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಬೆಳಗ್ಗೆ ಒಂಬತ್ತಕ್ಕೆ ಕಾಫಿ ಖರೀದಿ ಕಚೇರಿಯ ಹುಡುಗನ ಫೋನ್ ಬಂತು. "ಅಕ್ಕ, ಒಬ್ಬರ ಲೆಡ್ಜರ್ ಮಾತ್ರ ಸೇವ್ ಆಗ್ತಾ ಇಲ್ಲ, ಸುತ್ತುತ್ತಾನೇ ಇದೆ. ಎರಡು ಸಲ ಆಫ್ ಮಾಡಿ ಆನ್ ಮಾಡ್ದೆ."

ಆ ಕಚೇರಿಯ ಸಾಫ್ಟ್‌ವೇರ್ ಬರೆದವಳು ನಾನೇ. ಕೊಡೆ ಹಿಡಿದು ಹೋದೆ. ಲೆಡ್ಜರಿನ ಯಜಮಾನರು ಬೆಂಚಿನ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ಬೆಳೆಗಾರರು. ಫೆಬ್ರವರಿಯಲ್ಲಿ ಕೊಯ್ದು ಒಣಗಿಸಿದ ರೋಬಸ್ಟಾ ಚೆರಿಯನ್ನು ಒಳ್ಳೆಯ ರೇಟಿಗೆಂದು ಇಟ್ಟುಕೊಂಡಿದ್ದು, ಮೊಮ್ಮಗಳ ಕಾಲೇಜು ಫೀಸಿಗೆ ಹಿಂದಿನ ಸಂಜೆ ಕುಶಾಲನಗರದ ಗೋದಾಮಿಗೆ ಹಾಕಿದ್ದರು. 50 ಕೆಜಿಯ 42 ಮೂಟೆ.

"ಏನು ಮಗಳೇ, ನನ್ನ ಲೆಕ್ಕ ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ ಮಾವ, ಸ್ವಲ್ಪ ಕೂತಿರಿ," ಅಂದೆ. ಅನ್ನುವಾಗ ನನಗೇ ಧೈರ್ಯವಿರಲಿಲ್ಲ.

ಗೋದಾಮಿನ ದಾಸ್ತಾನು ಕುಶಾಲನಗರದ ಡೇಟಾಬೇಸಿನಲ್ಲಿದೆ, ಹಣದ ಲೆಕ್ಕ ವಿರಾಜಪೇಟೆಯಲ್ಲಿ. ಎರಡೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನವು. ಮೂಟೆ ಅಲ್ಲಿ ಜಮಾ ಆದರೆ ಹಣ ಇಲ್ಲಿ ಜಮಾ ಆಗಲೇಬೇಕು. ಒಂದು ಆಗಿ ಇನ್ನೊಂದು ತಪ್ಪಬಾರದು. ಅದಕ್ಕೆಂದು ಟೂ ಫೇಸ್ ಕಮಿಟ್ ಹಾಕಿದ್ದೆ: ಮೊದಲು ಎರಡೂ ಕಡೆಯ ಒಪ್ಪಿಗೆ, ಆಮೇಲೆ ಕಮಿಟ್, ಅಂದರೆ ಪಕ್ಕಾ ದಾಖಲೆ. 1978ರಷ್ಟು ಹಿಂದೆಯೇ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ವಿವರಿಸಿದ ಕ್ರಮ ಇದು. ನಮ್ಮಲ್ಲಿ ಕಾಫಿ ಮಾರುವ ರೀತಿಯೇ ಅನ್ನಿ. ವ್ಯಾಪಾರಿಗೆ ಫೋನಿನಲ್ಲಿ ಮಾತು ಕೊಟ್ಟು ಮೂಟೆ ಬೇರೆ ತೆಗೆದಿಟ್ಟ ಮೇಲೆ ಲಾರಿ ಬರುವವರೆಗೂ ಅದು ನಮ್ಮದೂ ಅಲ್ಲ, ಅವರದ್ದೂ ಅಲ್ಲ. ಇನ್ನೊಬ್ಬರಿಗೆ ಮಾರುವಂತಿಲ್ಲ. ಡೇಟಾಬೇಸಿಗೆ 'ಪ್ರಿಪೇರ್ ಟ್ರಾನ್ಸಾಕ್ಷನ್' (ಈ ವ್ಯವಹಾರಕ್ಕೆ ಸಿದ್ಧವಾಗು) ಎಂದಾಗಲೂ ಅಷ್ಟೇ: ಮಾಹಿತಿಯನ್ನು ಡಿಸ್ಕಿಗೆ ಬರೆದು, ಆ ಲೆಕ್ಕವನ್ನು ಬೇರೆ ಯಾರೂ ಬದಲಿಸದಂತೆ ಹಾಕಿದ ಬೀಗ ಬಿಡದೆ, ಅಂತಿಮ ಮಾತಿಗಾಗಿ ಕಾಯುತ್ತದೆ. ಎರಡೂ ಕಡೆ ಒಪ್ಪಿದ ಮೇಲೆ 'ಕಮಿಟ್ ಪ್ರಿಪೇರ್ಡ್'. ಪೋಸ್ಟ್‌ಗ್ರೆಸ್ಸಿನಲ್ಲಿ ಈ ಸೌಲಭ್ಯ ತಾನಾಗಿ ತೆರೆದಿರುವುದಿಲ್ಲ. ಮ್ಯಾಕ್ಸ್_ಪ್ರಿಪೇರ್ಡ್_ಟ್ರಾನ್ಸಾಕ್ಷನ್ಸ್ ಎಂಬ ಸಂಖ್ಯೆ 0 ಇರುತ್ತದೆ, ಬೇಕಾದವರು ಏರಿಸಿಕೊಳ್ಳಬೇಕು. ಆ ಸೊನ್ನೆ ಯಾಕೆಂದು ನಾನು ಮೊದಲೇ ಯೋಚಿಸಬೇಕಿತ್ತು.

ಯಾರು ಬೀಗ ಹಿಡಿದಿದ್ದಾರೆಂದು ಬೀಗಗಳ ಪಟ್ಟಿ ಪಿಜಿ_ಲಾಕ್ಸ್ ನೋಡಿದೆ. ಬೀಗವಿದೆ, ಆದರೆ ಅದನ್ನು ಹಿಡಿದ ಪ್ರೊಸೆಸ್ಸಿನ, ಅಂದರೆ ಓಡುತ್ತಿರುವ ಪ್ರೋಗ್ರಾಮಿನ, ಸಂಖ್ಯೆ ಇರಬೇಕಾದ ಪಿಐಡಿ ಕಾಲಂ ಖಾಲಿ. ಹಿಡಿದವರೇ ಇಲ್ಲ, ಹಾಗಾಗಿ ಕೊಲ್ಲಲು ಪ್ರೊಸೆಸ್ಸೂ ಇಲ್ಲ. ಎದೆ ಧಸಕ್ಕೆಂದಿತು. ಪ್ರಿಪೇರ್ ಆಗಿ ಕಾಯುತ್ತಿರುವ ವ್ಯವಹಾರಗಳ ಪಟ್ಟಿ ಪಿಜಿ_ಪ್ರಿಪೇರ್ಡ್_ಎಕ್ಸ್ಯಾಕ್ಟ್ಸ್ ತೆರೆದರೆ ಒಂದೇ ಒಂದು ಸಾಲು, ಹಿಂದಿನ ಸಂಜೆ 6 ಗಂಟೆ 41 ನಿಮಿಷದ್ದು. ಅಮ್ಮತ್ತಿ ಕಡೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದ ಹೊತ್ತು, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟಿತ್ತು. ಪ್ರಿಪೇರ್ ಆದದ್ದು ರೀಸ್ಟಾರ್ಟ್ ಮಾಡಿದರೂ ಅಳಿಯುವುದಿಲ್ಲ. ಕರೆಂಟ್ ಹೋದರೂ ಕೊಟ್ಟ ಮಾತು ಉಳಿಯಲೆಂದೇ ಅದನ್ನು ಹಾಗೆ ಮಾಡಿದ್ದಾರೆ. ಹುಡುಗ ಇನ್ನೂ ಹತ್ತು ಸಲ ಆಫ್ ಮಾಡಿದ್ದರೂ ಆ ಸಾಲು ಅಲ್ಲೇ ಇರುತ್ತಿತ್ತು.

'ರೋಲ್‌ಬ್ಯಾಕ್ ಪ್ರಿಪೇರ್ಡ್' ಎಂದು ರದ್ದು ಮಾಡಿದರೆ ಬೀಗ ತಕ್ಷಣ ಬಿಡುತ್ತದೆ. ಟೈಪ್ ಕೂಡ ಮಾಡಿದ್ದೆ, ಎಂಟರ್ ಒತ್ತಲಿಲ್ಲ. ನನ್ನ ಪ್ರೋಗ್ರಾಂ ಮೊದಲು ಕುಶಾಲನಗರಕ್ಕೆ ಕಮಿಟ್ ಹೇಳಿ ಆಮೇಲೆ ಇಲ್ಲಿಗೆ ಹೇಳುತ್ತಿತ್ತು. ಅಲ್ಲಿ ಆಗಿಹೋಗಿದ್ದರೆ, ಇಲ್ಲಿ ರದ್ದು ಮಾಡಿದೊಡನೆ ಇವರ ಮೂಟೆ ಗೋದಾಮಿನಲ್ಲಿ, ಹಣ ಇಲ್ಲ.

ನೆಟ್ ಸತ್ತಿತ್ತು. ಗೋದಾಮಿನ ರೈಟರಿಗೆ ಫೋನ್ ಮಾಡಿದೆ.

"ರೈಟ್ರೇ, ನಿನ್ನೆ ಕೊನೆಯ ಲೋಡು ಸಿಸ್ಟಮ್ಮಿನಲ್ಲಿ ಏರಿದೆಯಾ ನೋಡಿ."

"ಏರಿದೆ ಮೇಡಂ, ತೂಕದ ಚೀಟಿ ಕೈಯಲ್ಲೇ ಇದೆ, 42."

"ಚೀಟಿ ಅಲ್ಲ, ಸ್ಕ್ರೀನ್ ನೋಡಿ ಹೇಳಿ."

ಮೂಟೆ ಬಂದದ್ದಕ್ಕೆ ಚೀಟಿ ಸಾಕ್ಷಿ, ಡೇಟಾಬೇಸ್ ಒಪ್ಪಿ ಮುಗಿಸಿದ್ದಕ್ಕಲ್ಲ. ಅಲ್ಲಿನ ಪ್ರಿಪೇರ್ಡ್ ಪಟ್ಟಿ ಖಾಲಿಯಿದ್ದರೂ ಸಾಲದು. ಕಮಿಟ್ ಆದರೂ ಖಾಲಿ, ರದ್ದಾದರೂ ಖಾಲಿ. ದಾಸ್ತಾನಿನ ಸಾಲು ಕಣ್ಣಿಗೆ ಬೀಳಬೇಕು. ರೈಟರು ಪುಟ ಇಳಿಸುತ್ತಾ ಸಂಖ್ಯೆ ಓದಿದರು. ನಾನು ಇಲ್ಲಿನ ಗುರುತಿನ ಸಂಖ್ಯೆಯ ಜೊತೆ ಒಂದೊಂದೇ ಅಂಕಿ ಹೊಂದಿಸಿದೆ. ಹೊಂದಿತು. 'ಕಮಿಟ್ ಪ್ರಿಪೇರ್ಡ್' ಒತ್ತಿದೆ. ಲೆಡ್ಜರಿನಲ್ಲಿ ಮೊತ್ತ ಬಂತು. ಬೆಳೆಗಾರರು ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು.

ಆ ವಾರವೇ ಕ್ರಮ ಬದಲಿಸಿದೆ. ಈಗ ಪ್ರಿಪೇರ್ ಆಗುವುದು ಕುಶಾಲನಗರ ಮಾತ್ರ. ಅದು ಒಪ್ಪಿದ ಮೇಲೆ ವಿರಾಜಪೇಟೆಯಲ್ಲಿ ಹಣದ ಜಮೆಯೂ, 'ಈ ಸಂಖ್ಯೆಯ ವ್ಯವಹಾರ ಆಯಿತು' ಎಂಬ ಸಾಲೂ ಒಂದೇ ಮಾಮೂಲಿ ಟ್ರಾನ್ಸಾಕ್ಷನ್ನಿನಲ್ಲಿ ಕಮಿಟ್ ಆಗುತ್ತವೆ. ಅಲ್ಲಿಗೆ 'ಕಮಿಟ್ ಪ್ರಿಪೇರ್ಡ್' ಹೋಗುವುದು ಆಮೇಲೆ. ಕರೆಂಟ್ ಎಲ್ಲಿ ಹೋದರೂ ಪ್ರೋಗ್ರಾಂ ಎದ್ದೊಡನೆ ಮಾಡುವ ಮೊದಲ ಕೆಲಸ ಅಲ್ಲಿ ತೂಗಾಡುತ್ತಿರುವ ಸಾಲುಗಳನ್ನು ನೋಡುವುದು: ಇಲ್ಲಿ ಸಾಲಿದ್ದರೆ ಕಮಿಟ್, ಇಲ್ಲದಿದ್ದರೆ ರದ್ದು. ಯಾರೂ ಊಹಿಸಬೇಕಾಗಿಲ್ಲ.

ಮತ್ತೊಮ್ಮೆ ಮೊದಲಿನಿಂದ ಕಟ್ಟುವುದಾದರೆ, ಮಳೆಗಾಲದಲ್ಲಿ ಮರ ಬೀಳುವ ಎರಡು ಊರುಗಳ ನಡುವೆ ಬೀಗ ಹಿಡಿದು ಕಾಯುವ ಪದ್ಧತಿಯನ್ನೇ ಇಡುವುದಿಲ್ಲ. ಗೋದಾಮಿನ ಜಮೆಯ ಜೊತೆಗೇ 'ಹಣ ಜಮಾ ಮಾಡಬೇಕು' ಎಂಬ ಸಂದೇಶವನ್ನೂ ಅಲ್ಲಿಯೇ ಬರೆದಿಟ್ಟು, ಲೈನ್ ಬಂದಾಗ ತಲುಪಿಸುತ್ತೇನೆ. ಒಂದೇ ಸಂದೇಶ ಎರಡು ಸಲ ಬಂದರೂ ಹಣ ಒಂದೇ ಸಲ ಜಮಾ ಆಗುವಂತೆ ಸಂಖ್ಯೆ ನೋಡಿಕೊಳ್ಳುತ್ತೇನೆ. ಆಡಿದ ಮಾತು ನಡೆಯಲು ಹತ್ತು ನಿಮಿಷ ತಡವಾದೀತು. ಅಷ್ಟು ಹೊತ್ತು ಆ ಬೆಂಚಿನ ಮೇಲೆ ಕೂರಲು ಆ ಬೆಳೆಗಾರರಿಗೆ ಬೇಸರವಿರಲಿಲ್ಲ, ನನ್ನನ್ನೇ ಕೇಳಿದ್ದರು: "ಕಾಫಿ ಕುಡಿದು ಬರ್ಲಾ ಮಗಳೇ, ಅಷ್ಟರಲ್ಲಿ ಆಗುತ್ತಾ?"